ಇರುವುದನ್ನು ಕೊಟ್ಟು ಯೇಸುವಿನ ಹಿಂದೆ ಹೋಗಬೇಕು ಅನ್ನಿಸಿದಾಗ ಎಲ್ಲಿಂದ ಶುರು ಮಾಡಬೇಕು?

"ಎಲ್ಲ ಕೊಟ್ಟುಬಿಡಬೇಕು ಅನ್ನಿಸ್ತಿದೆ, ಆದರೆ ಹೇಗೆ ಅಂತ ಗೊತ್ತಾಗ್ತಿಲ್ಲ." ಆರಾಧನೆ ಮುಗಿದು ಜನ ಹೊರಗೆ ಹೋಗುತ್ತಿರುವಾಗ ಹತ್ತಿರ ಬಂದು ಮೆಲ್ಲಗೆ ಈ ಮಾತು ಹೇಳಿದವರು ಒಬ್ಬಿಬ್ಬರಲ್ಲ. ಯಾಕೆ ಕೊಡಬೇಕು ಅನ್ನುವ ಬಗ್ಗೆ ಪ್ರಸಂಗಗಳು ಬೇಕಾದಷ್ಟಿವೆ. ಹೇಗೆ ಅನ್ನುವುದನ್ನು ಜೊತೆಗೆ ಕೂತು ಹೇಳಿಕೊಡುವವರು ಕಡಿಮೆ. ನಾನು ಸನ್ಯಾಸಿ ಅಲ್ಲ. ಮನೆ, ಕೆಲಸ, ಹೆಂಡತಿ, ಇಬ್ಬರು ಮಕ್ಕಳು ಇರುವವನು. ಹತ್ತು ಹನ್ನೊಂದು ವರ್ಷದಿಂದ ನಮ್ಮ ಮನೆಯಲ್ಲಿ ಇದನ್ನು ಸ್ವಲ್ಪ ಸ್ವಲ್ಪವಾಗಿ ಮಾಡುತ್ತ ಬಂದಿದ್ದೇವೆ. ನಡುವೆ ಕೆಲವು ಸಲ ಕೆಟ್ಟದಾಗಿ ಎಡವಿದ್ದೇನೆ. ಅದನ್ನೂ ಸೇರಿಸಿ ಬರೆಯುತ್ತೇನೆ, ನಿಮಗೆ ಅದೇ ಜಾಸ್ತಿ ಉಪಯೋಗಕ್ಕೆ ಬರಬಹುದು.

ಮೊದಲು ಸತ್ಯವೇದ ತೆಗೆದು ಮಾರ್ಕ 10ನೇ ಅಧ್ಯಾಯದ 17ರಿಂದ 31ನೇ ವಚನದವರೆಗೆ ಓದಿ. ಗೊತ್ತಿರುವ ಕಥೆಯೇ. ಆದರೂ ಗಟ್ಟಿಯಾಗಿ, ನಿಧಾನವಾಗಿ ಓದಿ. ಆಸ್ತಿವಂತನೊಬ್ಬ ಓಡಿಬಂದು ಮೊಣಕಾಲೂರಿ, ನಿತ್ಯಜೀವ ಸಿಗಬೇಕಾದರೆ ಏನು ಮಾಡಬೇಕು ಅಂತ ಕೇಳುತ್ತಾನೆ. ಯೇಸು ಅವನಿಗೆ ಕೊಡುವ ಉತ್ತರದಲ್ಲಿ ಐದು ಕ್ರಿಯಾಪದಗಳಿವೆ: ಹೋಗು, ಮಾರು, ಬಡವರಿಗೆ ಕೊಡು, ಬಾ, ನನ್ನನ್ನು ಹಿಂಬಾಲಿಸು. ನಾವು ಬಹಳಷ್ಟು ಜನ "ಮಾರು" ಅನ್ನುವುದರ ಹತ್ತಿರವೇ ನಿಂತುಬಿಡುತ್ತೇವೆ, ಅಲ್ಲಿಂದ ಮುಂದೆ ಕಿವಿಗೆ ಏನೂ ಬೀಳುವುದೇ ಇಲ್ಲ. ಆದರೆ ಮಾರಿದ್ದು ಒಬ್ಬ ಬಡವನ ಕೈ ಸೇರಬೇಕು, ಖಾಲಿಯಾದ ನಿಮ್ಮ ಕೈ ಯೇಸುವನ್ನು ಹಿಡಿದುಕೊಳ್ಳಬೇಕು. ಈ ಎರಡು ತುದಿ ಇಲ್ಲದಿದ್ದರೆ ನೀವು ಮಾಡಿದ್ದು ಮನೆ ಸ್ವಚ್ಛ ಮಾಡುವ ಕೆಲಸ ಅಷ್ಟೆ. ಮುಂದೆ ನಾನು ಹೇಳುವುದೆಲ್ಲ ಇದರ ಸುತ್ತಲೇ ಇದೆ.

ಇನ್ನೊಂದು ವಿಷಯ ಗಮನಿಸಿ. ಈ ಕಥೆ ಮತ್ತಾಯ 19ರಲ್ಲೂ ಲೂಕ 18ರಲ್ಲೂ ಇದೆ. ಆದರೆ ಯೇಸು ಅವನನ್ನು ದಿಟ್ಟಿಸಿ ನೋಡಿ ಪ್ರೀತಿಸಿದರು ಅನ್ನುವ ಮಾತು ಮಾರ್ಕನಲ್ಲಿ ಮಾತ್ರ. ಪ್ರೀತಿಸಿದ ಮೇಲೆಯೇ "ಮಾರು" ಅಂದದ್ದು. ಭಯದಿಂದ ಕೊಡಲು ಹೊರಟಿದ್ದರೆ ಈ ಒಂದು ವಚನದ ಮುಂದೆ ಒಂದು ವಾರ ಸುಮ್ನೆ ಕೂತುಕೊಳ್ಳಿ. ವಸ್ತುಗಳು ಒಂದು ವಾರದಲ್ಲಿ ಎಲ್ಲಿಗೂ ಓಡಿಹೋಗುವುದಿಲ್ಲ.

ಎಲ್ಲರಿಗೂ ಒಂದೇ ಲೆಕ್ಕ ಇದೆಯಾ?

ಇಲ್ಲ. ಸುಂಕ ವಸೂಲಿ ಮಾಡುತ್ತಿದ್ದ ಸಿರಿವಂತ ಜಕ್ಕಾಯ ಅರ್ಧ ಆಸ್ತಿ ಕೊಡುತ್ತೇನೆ ಅಂದ, ಯೇಸು ಇನ್ನರ್ಧ ಕೇಳಲಿಲ್ಲ, ಈ ಹೊತ್ತೇ ಈ ಮನೆಗೆ ರಕ್ಷಣೆ ಬಂತು ಅಂದರು. ಲೂಕ 8ರಲ್ಲಿ ಯೋಹಾನಳು, ಸುಸನ್ನಳು ಮತ್ತು ಇನ್ನೂ ಹಲವು ಹೆಂಗಸರು ತಮ್ಮ ಆಸ್ತಿಯನ್ನು ಕೈಯಲ್ಲಿಟ್ಟುಕೊಂಡೇ ಅದರಿಂದ ಯೇಸುವಿಗೂ ಶಿಷ್ಯರಿಗೂ ಉಪಚಾರ ಮಾಡುತ್ತಿದ್ದರು. ಮಾರ್ಥಳ ಮನೆ ಮಾರ್ಥಳದ್ದಾಗಿಯೇ ಉಳಿಯಿತು, ಯೇಸು ಅಲ್ಲಿಗೇ ಬಂದು ಇಳಿದುಕೊಂಡರು. ಇನ್ನೊಂದು ಕಡೆ ದೇವಾಲಯದ ಕಾಣಿಕೆಪೆಟ್ಟಿಗೆಗೆ ಎರಡು ಪುಟ್ಟ ಕಾಸು ಹಾಕಿದ ವಿಧವೆ ತನ್ನ ಜೀವನಕ್ಕೆ ಇದ್ದದ್ದನ್ನೆಲ್ಲ ಹಾಕಿದಳು.

ಅಲೆಕ್ಸಾಂಡ್ರಿಯದ ಕ್ಲೆಮೆಂಟ್ ಎಂಬ ಸಭಾಪಿತೃ (ಮೊದಲ ಶತಮಾನಗಳ ಕ್ರೈಸ್ತ ಗುರು) ಸುಮಾರು 1800 ವರ್ಷಗಳ ಹಿಂದೆಯೇ ಒಂದು ಪ್ರಶ್ನೆ ಎತ್ತಿದ್ದರು: ಯಾರ ಹತ್ತಿರವೂ ಏನೂ ಇಲ್ಲದಿದ್ದರೆ ಹಸಿದವರಿಗೆ ಊಟ ಕೊಡುವುದು ಯಾರು? ವಸ್ತು ಇರುವುದಕ್ಕಿಂತ ವಸ್ತುವಿಗೆ ಮನಸ್ಸು ಅಂಟಿಕೊಂಡಿರುವುದೇ ರೋಗ ಅನ್ನುವುದು ಅವರ ವಾದ. ಮಾತು ಸರಿಯೇ. ಆದರೆ ಇದನ್ನು ಹೇಳುವಾಗ ನಾನು ಹುಷಾರಾಗಿರುತ್ತೇನೆ, ಯಾಕೆಂದರೆ "ನನಗೇನೂ ಅಂಟಿಲ್ಲಪ್ಪ, ಸುಮ್ನೆ ಇದೆ ಅಷ್ಟೆ" ಅಂತ ಹೇಳಿಕೊಳ್ಳುವುದು ತುಂಬ ಸುಲಭ. ಅಂಟಿಲ್ಲ ಅಂದರೆ ಒಂದನ್ನು ಎತ್ತಿ ಕೊಟ್ಟು ನೋಡಿ. ಆಗ ಗೊತ್ತಾಗುತ್ತದೆ. ಹಾಗೆಯೇ, ಅದೇ ಮಾರ್ಕ 10ರಲ್ಲಿ ಐಶ್ವರ್ಯವಂತ ದೇವರ ರಾಜ್ಯಕ್ಕೆ ಸೇರುವುದಕ್ಕಿಂತ ಒಂಟೆ ಸೂಜಿಕಣ್ಣಲ್ಲಿ ನುಗ್ಗುವುದು ಸುಲಭ ಅಂತ ಯೇಸು ಹೇಳುತ್ತಾರೆ. ಆ ಸೂಜಿಕಣ್ಣು ಅಂದರೆ ಯೆರೂಸಲೇಮಿನ ಒಂದು ಚಿಕ್ಕ ಬಾಗಿಲು, ಒಂಟೆ ಮೊಣಕಾಲೂರಿದರೆ ದಾಟಬಹುದಿತ್ತು ಅನ್ನುವ ವಿವರಣೆ ನೀವೂ ಕೇಳಿರುತ್ತೀರಿ. ಯೇಸುವಿನ ಕಾಲದಲ್ಲಿ ಅಂಥ ಬಾಗಿಲು ಇತ್ತು ಅನ್ನುವುದಕ್ಕೆ ಯಾವ ಆಧಾರವೂ ಇಲ್ಲ. ಸೂಜಿ ಅಂದರೆ ಸೂಜಿಯೇ. "ದೇವರಿಗೆ ಎಲ್ಲವೂ ಸಾಧ್ಯ" ಅನ್ನುವ ಮುಂದಿನ ಮಾತಿಗೆ ತೂಕ ಬರುವುದು ಆಗಲೇ.

ಕೊಡುವ ಮೊದಲು ಹಿಂತಿರುಗಿಸಿ

ಕಪಾಟಿಗೆ ಕೈ ಹಾಕುವ ಮೊದಲು ಒಂದು ಹಾಳೆ ತೆಗೆದುಕೊಂಡು ನೀವು ಯಾರಿಗೆ ಏನು ಕೊಡಬೇಕಾಗಿದೆ ಅಂತ ಬರೆಯಿರಿ. ಸಾಲ, ಬಾಕಿ ಬಾಡಿಗೆ, ನಿಮ್ಮ ಹತ್ತಿರ ಕೆಲಸ ಮಾಡುವವರಿಗೆ ತಡವಾಗಿರುವ ಸಂಬಳ, ಅಣ್ಣ ತಮ್ಮಂದಿರ ನಡುವೆ ಹಂಚಿಕೆಯಲ್ಲಿ ನೀವು ಸ್ವಲ್ಪ ಜಾಸ್ತಿ ಎಳೆದುಕೊಂಡದ್ದು, ಎರಡು ವರ್ಷದ ಹಿಂದೆ ಓದಿ ಕೊಡುತ್ತೇನೆ ಅಂತ ತಂದ ಪುಸ್ತಕ. ಜಕ್ಕಾಯ ಅರ್ಧ ಆಸ್ತಿಯ ಮಾತಿನ ಜೊತೆಗೇ, ಯಾರಿಂದ ಅನ್ಯಾಯವಾಗಿ ತೆಗೆದುಕೊಂಡಿದ್ದೇನೋ ಅವರಿಗೆ ನಾಲ್ಕರಷ್ಟು ಕೊಡುತ್ತೇನೆ ಅಂದ, ನೆನಪಿದೆಯಲ್ಲ? ಕೊಡಬೇಕಾದವರಿಗೆ ಕೊಡದೆ ದಾನ ಮಾಡಿದರೆ ಅದು ಬೇರೆಯವರ ದುಡ್ಡಿನಲ್ಲಿ ಮಾಡಿದ ದಾನ. ಕೂಲಿಯವರಿಗೆ ಕೊಡದೆ ಹಿಡಿದುಕೊಂಡ ಕೂಲಿ ಕೂಗುತ್ತದೆ ಅಂತ ಯಾಕೋಬನ ಪತ್ರಿಕೆ 5ನೇ ಅಧ್ಯಾಯ ಹೇಳುತ್ತದೆ. ಈ ಪಟ್ಟಿ ಮುಗಿಸಲು ಒಂದು ವರ್ಷ ಹಿಡಿದರೂ ಪರವಾಗಿಲ್ಲ, ಅದೂ ಬಿಡುವುದರ ಒಂದು ಭಾಗವೇ.

ಆಮೇಲೆ ನಿಮ್ಮನ್ನು ನಂಬಿಕೊಂಡವರು. ವಯಸ್ಸಾದ ಅಪ್ಪ ಅಮ್ಮ, ಮಕ್ಕಳು, ಕಾಯಿಲೆಯಲ್ಲಿರುವ ತಂಗಿ. ತಂದೆತಾಯಿಗೆ ಸಲ್ಲಬೇಕಾದದ್ದನ್ನು "ಕೊರ್ಬಾನ್, ಇದು ದೇವರಿಗೆ ಮೀಸಲು" ಅಂತ ಹೇಳಿ ಜಾರಿಕೊಳ್ಳುವವರನ್ನು ಯೇಸು ಮಾರ್ಕ 7ರಲ್ಲಿ ಎಷ್ಟು ಖಾರವಾಗಿ ಬೈದಿದ್ದಾರೆ ನೋಡಿ. ತನ್ನ ಮನೆಯವರನ್ನು ನೋಡಿಕೊಳ್ಳದವನು ನಂಬಿಕೆಯನ್ನೇ ತಳ್ಳಿಬಿಟ್ಟವನು ಅಂತ 1 ತಿಮೊಥೆಯ 5:8 ಹೇಳುತ್ತದೆ. ಮಕ್ಕಳ ಓದು, ಮನೆಯವರ ಔಷಧಿ, ಕೆಲವು ತಿಂಗಳ ಖರ್ಚಿಗೆ ಆಗುವಷ್ಟು ಹಣ ಇವನ್ನು ಮೊದಲು ಬೇರೆ ತೆಗೆದಿಡಿ. ಇದಕ್ಕೆ ನಾಚಿಕೆ ಬೇಡ. ಈಜಿಪ್ಟಿನ ಸಂತ ಅಂತೋಣಿ ಸುಮಾರು 270ರಲ್ಲಿ ಇನ್ನೂ ಇಪ್ಪತ್ತರ ಆಸುಪಾಸಿನ ಹುಡುಗ (ಪದುವಾದ ಅಂತೋಣಿಯವರು ಬೇರೆ, ಸುಮಾರು ಒಂಬೈನೂರು ವರ್ಷ ಆಮೇಲಿನವರು). ಅಪ್ಪ ಅಮ್ಮ ತೀರಿಕೊಂಡಿದ್ದರು, ಒಬ್ಬಳು ತಂಗಿ ಇದ್ದಳು. ದೇವಾಲಯದಲ್ಲಿ ಈ "ಮಾರು, ಕೊಡು" ಅನ್ನುವ ವಾಕ್ಯ ಕೇಳಿ ಹೊರಗೆ ಬಂದು ಜಮೀನನ್ನು ಊರಿನವರಿಗೆ ಬಿಟ್ಟುಕೊಟ್ಟರು, ಸಾಮಾನು ಮಾರಿ ಬಡವರಿಗೆ ಕೊಟ್ಟರು, ಆದರೆ ತಂಗಿಗಾಗಿ ಸ್ವಲ್ಪ ಉಳಿಸಿಕೊಂಡರು. ಉಳಿದದ್ದನ್ನೂ ಕೊಟ್ಟದ್ದು ಆಮೇಲೆ, ತಂಗಿಯನ್ನು ನಂಬಿಕಸ್ಥ ಕನ್ಯೆಯರ ಜೊತೆ ಇರಿಸಿ. ಮರುಭೂಮಿಯ ಸನ್ಯಾಸಿಗಳ ತಂದೆ ಅನ್ನಿಸಿಕೊಂಡವರೂ ಒಂದೇ ಹೆಜ್ಜೆಯಲ್ಲಿ ಮುಗಿಸಲಿಲ್ಲ.

ಯಾವುದು ನಿಮ್ಮದು?

ಇಲ್ಲಿ ನನ್ನ ತಪ್ಪು ಹೇಳಬೇಕು. ಶುರುವಿನ ದಿನಗಳಲ್ಲಿ ನನಗೆ ಉತ್ಸಾಹ ಜಾಸ್ತಿ. ಮನೆಯ ಮೂಲೆಯಲ್ಲಿ ಒಂದು ಕೀಬೋರ್ಡ್ ಇತ್ತು, ಮಗಳದ್ದು. ಅವಳು ಒಂದು ವರ್ಷದಿಂದ ಅದನ್ನು ಮುಟ್ಟಿರಲಿಲ್ಲ, ಮೇಲೆ ಹೊದಿಸಿದ್ದ ಬಟ್ಟೆಯ ಮೇಲೆ ಧೂಳು ಕೂತಿತ್ತು. ಹಾಡು ಕಲಿಯುವ ಆಸೆ ಇದ್ದ ಒಬ್ಬ ಹುಡುಗನ ವಿಷಯ ಗೊತ್ತಾಯಿತು. ಆ ದಿನವೇ ಎತ್ತಿಕೊಂಡು ಹೋಗಿ ಕೊಟ್ಟುಬಂದೆ. ಮನಸ್ಸು ಹಗುರವಾಗಿತ್ತು, ದಾರಿಯಲ್ಲಿ ಸ್ತೋತ್ರ ಹಾಡಿಕೊಂಡೇ ಮನೆಗೆ ಬಂದೆ. ಸಂಜೆ ಮಗಳು ಬಂದಳು. ಚೀಲ ಇಳಿಸಿ ಆ ಮೂಲೆ ನೋಡಿದಳು. ನೆಲದ ಮೇಲೆ ಸ್ಟ್ಯಾಂಡಿನ ನಾಲ್ಕು ಕಾಲಿನ ಗುರುತು ಮಾತ್ರ ಇತ್ತು. ನಾನು ಖುಷಿಯಿಂದ ಎಲ್ಲ ಹೇಳಿದೆ. ಅವಳು ಜಗಳ ಮಾಡಲಿಲ್ಲ. "ಅದು ನಿಮ್ಮದಾಗಿತ್ತಾ ಅಪ್ಪ?" ಅಂತ ಕೇಳಿ ಒಳಗೆ ಹೋದಳು.

ಅದು ನನ್ನದಾಗಿರಲಿಲ್ಲ. ಅವಳ ತಾತ ಅವಳಿಗೆ ಕೊಟ್ಟದ್ದು. ನಾನು ಬಿಟ್ಟದ್ದು ಏನೂ ಇರಲಿಲ್ಲ, ಅವಳದ್ದನ್ನು ತೆಗೆದುಕೊಂಡಿದ್ದೆ, ಅಷ್ಟೆ. ಕ್ಷಮೆ ಕೇಳಿದೆ. ಕ್ಷಮಿಸಿದಳು, ಆದರೆ ಮುಂದೆ ಬಹಳ ದಿನ ನಾನು ಏನನ್ನಾದರೂ ಕೈಗೆತ್ತಿಕೊಂಡರೆ ಅವಳು ಓದುವುದನ್ನು ನಿಲ್ಲಿಸಿ ನನ್ನ ಕೈಯನ್ನೇ ನೋಡುತ್ತಿದ್ದಳು.

ಅಪೊಸ್ತಲರ ಕೃತ್ಯಗಳು 5ರಲ್ಲಿ, ಹೊಲ ಮಾರಿದ ಹಣದಲ್ಲಿ ಸ್ವಲ್ಪ ಮುಚ್ಚಿಟ್ಟು ಉಳಿದದ್ದನ್ನು ತಂದ ಅನನೀಯನಿಗೆ ಪೇತ್ರ ಹೇಳುವ ಮಾತು ಇದಕ್ಕೇ ನನಗೆ ಮುಖ್ಯ: ಮಾರುವ ಮೊದಲು ಅದು ನಿನ್ನದಾಗಿಯೇ ಇತ್ತಲ್ಲವೇ, ಮಾರಿದ ಮೇಲೂ ಹಣ ನಿನ್ನ ವಶದಲ್ಲೇ ಇತ್ತಲ್ಲವೇ? ಅವನ ಪಾಪ ಸ್ವಲ್ಪ ಇಟ್ಟುಕೊಂಡದ್ದಲ್ಲ, ಪೂರ್ತಿ ಕೊಟ್ಟೆ ಅಂತ ಸುಳ್ಳು ಹೇಳಿದ್ದು. ಅಂದರೆ ಮೊದಲ ಸಭೆಯಲ್ಲೂ ಬಲವಂತ ಇರಲಿಲ್ಲ. ಹಾಗಾಗಿ ಗಂಡ ಹೆಂಡತಿ ಇಬ್ಬರದ್ದೂ ಆದದ್ದನ್ನು ಇಬ್ಬರೂ ಒಪ್ಪಿದ ಮೇಲೆ ಕೊಡಿ. ಹೆಂಡತಿಯ ಒಡವೆ ಹೆಂಡತಿಯದ್ದು, ಅದರ ಬಗ್ಗೆ ಗಂಡ ವಾಕ್ಯ ಹಿಡಿದು ಒತ್ತಡ ಹಾಕಬಾರದು. ಮಕ್ಕಳಿಗೆ ಒಂದೊಂದು ಹಲಗೆ ಬಿಟ್ಟುಕೊಡಿ, ಅದರಲ್ಲಿ ಏನಿದ್ದರೂ ಅವರ ಇಷ್ಟ. ಒಬ್ಬರು ಸಿದ್ಧ, ಇನ್ನೊಬ್ಬರು ಸಿದ್ಧವಿಲ್ಲ ಅಂದರೆ ಸಿದ್ಧ ಇರುವವರು ತಮ್ಮ ಪಾಲಿನದ್ದನ್ನು ಕೊಡುತ್ತ ಕಾಯಬೇಕು. ನನ್ನ ಹೆಂಡತಿ ನನಗಿಂತ ಮೂರು ವರ್ಷ ತಡವಾಗಿ ಶುರು ಮಾಡಿದಳು, ಈಗ ನನಗಿಂತ ತುಂಬ ಮುಂದೆ ಇದ್ದಾಳೆ.

ಮನೆಯೊಳಗೆ ಒಂದು ಸುತ್ತು

ಈಗ ಕೆಲಸ. ಒಂದು ನೋಟ್‌ಬುಕ್ ಹಿಡಿದು ಒಂದು ಸಂಜೆಗೆ ಒಂದೇ ಕಪಾಟು ತೆಗೆಯಿರಿ. ಇಡೀ ಮನೆಯನ್ನು ಒಂದೇ ದಿನ ಹರಡಿಕೊಂಡರೆ ರಾತ್ರಿ ಹೊತ್ತಿಗೆ ಸುಸ್ತಾಗಿ ಎಲ್ಲವನ್ನೂ ವಾಪಸು ತುರುಕುತ್ತೀರಿ. ಪ್ರತಿಯೊಂದನ್ನೂ ಕೈಗೆ ತೆಗೆದುಕೊಂಡು ಬರೆಯಿರಿ. ಬರೆಯುವುದು ಮುಖ್ಯ, ಯಾಕೆಂದರೆ ನಮ್ಮ ಹತ್ತಿರ ಎಷ್ಟಿದೆ ಅನ್ನುವುದು ನಮಗೇ ಗೊತ್ತಿರುವುದಿಲ್ಲ. ನನ್ನ ಮೊದಲ ಪಟ್ಟಿಯಲ್ಲಿ ಹನ್ನೊಂದು ಶರ್ಟು ಅಂತ ಅಂದಾಜು ಬರೆದಿದ್ದೆ, ಎಣಿಸಿದರೆ ಮೂವತ್ತನಾಲ್ಕು.

ಬರೆಯುವಾಗ ಯಾವುದನ್ನು ಹಿಡಿದಾಗ "ಇದನ್ನು ಮಾತ್ರ ಬೇಡಪ್ಪ" ಅಂತ ಮನಸ್ಸು ಹಿಂದೆ ಸರಿಯುತ್ತದೋ ಅದರ ಪಕ್ಕ ಒಂದು ನಕ್ಷತ್ರ ಹಾಕಿ. ತಕ್ಷಣ ಕೊಡಬೇಕು ಅಂತಲ್ಲ. ಗುರುತು ಇರಲಿ. ನಿಮ್ಮ ನಿಧಿ ಎಲ್ಲಿದೆಯೋ ಅಲ್ಲೇ ನಿಮ್ಮ ಮನಸ್ಸೂ ಇರುತ್ತದೆ ಅಂತ ಮತ್ತಾಯ 6:21 ಹೇಳುತ್ತದಲ್ಲ, ಆ ಜಾಗ ತೋರಿಸುವ ನಕ್ಷೆ ಈ ನಕ್ಷತ್ರಗಳೇ. ಬೆಲೆಬಾಳುವ ವಸ್ತುಗಳೇ ಆಗಿರಬೇಕಾಗಿಲ್ಲ. ನನ್ನ ವಿಷಯದಲ್ಲಿ ಅದು ಪುಸ್ತಕ. ಸತ್ಯವೇದದ ವ್ಯಾಖ್ಯಾನಗಳು, ನಿಘಂಟುಗಳು, ನಾಲ್ಕು ಹಲಗೆ ತುಂಬ. "ಇದು ಸೇವೆಗೆ ಬೇಕು" ಅಂತ ವರ್ಷಗಟ್ಟಲೆ ಹೇಳಿಕೊಂಡೆ. ಅರ್ಧಕ್ಕಿಂತ ಜಾಸ್ತಿ ಪುಸ್ತಕಗಳನ್ನು ತೆರೆದೇ ಇರಲಿಲ್ಲ, ಮನೆಗೆ ಬಂದವರು ನೋಡಲಿ ಅಂತ ಇಟ್ಟದ್ದು. ಭಕ್ತಿಯ ನೆಪ ಇರುವ ವಸ್ತುವನ್ನು ಬಿಡುವುದೇ ಎಲ್ಲಕ್ಕಿಂತ ಕಷ್ಟ. ಕೊನೆಗೆ ದೇವಶಾಸ್ತ್ರ ಓದುತ್ತಿದ್ದ ಇಬ್ಬರು ವಿದ್ಯಾರ್ಥಿಗಳನ್ನು ಕರೆದು ನೀವೇ ಆರಿಸಿಕೊಳ್ಳಿ ಅಂದೆ. ನಾನು ಆರಿಸಿದ್ದರೆ ಒಳ್ಳೆಯವೆಲ್ಲ ನನ್ನಲ್ಲೇ ಉಳಿಯುತ್ತಿದ್ದವು.

ಧೈರ್ಯ ಸಾಲದಿದ್ದರೆ ಈಸ್ಟರ್ ಮುಂಚಿನ ತಪಸ್ಸು ಕಾಲದ 40 ದಿನ ಬಳಸಿಕೊಳ್ಳಿ. ನಕ್ಷತ್ರ ಹಾಕಿದ್ದನ್ನು ಒಂದು ಪೆಟ್ಟಿಗೆಗೆ ಹಾಕಿ, ಅಂಟಿಸಿ, ನಂಬಿಕೆಯ ಗೆಳೆಯರೊಬ್ಬರ ಮನೆಯಲ್ಲಿಡಿ. ಎಷ್ಟು ಸಲ ನೆನಪಾಯಿತು, ಯಾವಾಗ ನೆನಪಾಯಿತು, ಬೇಜಾರಾದಾಗಲಾ, ಬೇರೆಯವರ ಮುಂದೆ ಚಿಕ್ಕವನಾದೆ ಅನ್ನಿಸಿದಾಗಲಾ, ಇದನ್ನು ನೋಡಿಕೊಳ್ಳಿ. ಈಸ್ಟರ್ ಆದ ಮೇಲೆ ನಿರ್ಧಾರ ಮಾಡಿ. ತೀರಿಕೊಂಡವರ ನೆನಪಿನ ವಸ್ತುಗಳನ್ನು ಕೊನೆಗೆ ಬಿಡಿ, ಅವುಗಳಿಗೆ ಆತುರ ಬೇಡ.

ಯಾರಿಗೆ ಕೊಡುವುದು, ಹೇಗೆ ಕೊಡುವುದು

ಸಾಧ್ಯವಾದಷ್ಟು ಮುಖ ನೋಡಿ ಕೊಡಿ. ಬಾಗಿಲಲ್ಲಿ ಮೂಟೆ ಇಟ್ಟು ಬಂದರೆ ಮನೆ ಖಾಲಿಯಾಗುತ್ತದೆ, ಸಂಬಂಧ ಹುಟ್ಟುವುದಿಲ್ಲ. ಮೊದಲು ಕೇಳಿ, "ನಿಮಗೆ ಏನು ಬೇಕು?" ಅಂತ. ನಾವು ಕೊಡಬೇಕು ಅಂದುಕೊಂಡದ್ದಕ್ಕೂ ಅವರಿಗೆ ಬೇಕಾದದ್ದಕ್ಕೂ ಎಷ್ಟೋ ಸಲ ಸಂಬಂಧವೇ ಇರುವುದಿಲ್ಲ. ನಿಮ್ಮ ಬೆಳ್ಳಿ ಸಾಮಾನು ಒಬ್ಬ ಬಡವಿಯ ಮನೆಯಲ್ಲಿ ಏನು ಕೆಲಸಕ್ಕೆ ಬರುತ್ತದೆ? ಅಂಥದ್ದನ್ನು ಮಾರಿ ಹಣ ಕೊಡಿ. ಮೊದಲ ಸಭೆಯ ಬಾರ್ನಬನೂ ಹೊಲವನ್ನೇ ತಂದು ಕೊಡಲಿಲ್ಲ, ಮಾರಿ ಹಣ ತಂದು ಅಪೊಸ್ತಲರ ಪಾದದ ಬಳಿ ಇಟ್ಟ.

ವಸ್ತುವನ್ನೇ ಕೊಡುವುದಾದರೆ ಒಳ್ಳೆಯದನ್ನು ಕೊಡಿ. ಕುಂಟಾದ, ಕಾಯಿಲೆಯ ಪ್ರಾಣಿಯನ್ನು ಬಲಿಗೆ ತರುವವರನ್ನು ಪ್ರವಾದಿ ಮಲಾಕಿ ಕೇಳುತ್ತಾನೆ, ಇದನ್ನು ನಿಮ್ಮ ಅಧಿಪತಿಗೆ ಕೊಟ್ಟು ನೋಡಿ, ಮೆಚ್ಚುತ್ತಾನಾ ಅಂತ. ನಮ್ಮ ಮನೆಯಲ್ಲಿ ಈಗ ಕೊಡುವ ಮುಂಚಿನ ಸಂಜೆ ಸೂಜಿ ದಾರ ಹೊರಗೆ ಬರುತ್ತದೆ. ಒಂದು ಉಣ್ಣೆಯ ಕೋಟು ನೆನಪಿದೆ, ಮೇಲಿನಿಂದ ಎರಡನೇ ಗುಂಡಿ ಇರಲಿಲ್ಲ. ಅದೇ ಅಳತೆಯ ಗುಂಡಿ ಎಲ್ಲೂ ಸಿಗಲಿಲ್ಲ. ಹೆಂಡತಿ ಉಳಿದ ನಾಲ್ಕನ್ನೂ ಬಿಚ್ಚಿ ಐದು ಹೊಸ ಗುಂಡಿ ಹಾಕಿದಳು, ಜೇಬು ಒಳಗೆ ಹೊರಗೆ ಮಾಡಿ ನೂಲು ಕಸ ಎಲ್ಲ ತೆಗೆದಳು, ಒಗೆದು ಇಸ್ತ್ರಿ ಮಾಡಿ ಮಡಿಸಿದಳು. ಕೊಡುವ ಹೊತ್ತಿಗೆ ಅದು ನನಗೇ ಮತ್ತೆ ಬೇಕು ಅನ್ನಿಸುವಷ್ಟು ಚೆನ್ನಾಗಿತ್ತು. ಆ ಅಳತೆಗೆ ಬಂದರೆ ಕೊಡಲು ಸಿದ್ಧ ಅಂತ ಅರ್ಥ. ಫೋನಾದರೆ ಚಾರ್ಜರ್ ಜೊತೆಗೆ, ಶೂ ಆದರೆ ಲೇಸ್ ಜೊತೆಗೆ. ಹರಿದು ಮುರಿದದ್ದು ಕಸಕ್ಕೆ ಹೋಗಲಿ, ಅದಕ್ಕೆ ದಾನ ಅನ್ನುವ ಹೆಸರು ಬೇಡ.

ಫೋಟೋ ತೆಗೆಯಬೇಡಿ. ಎಡಗೈಗೆ ಗೊತ್ತಾಗಬಾರದು ಅಂದ ಮೇಲೆ ಇಡೀ ಊರಿಗೆ ಯಾಕೆ ಗೊತ್ತಾಗಬೇಕು? ತೆಗೆದುಕೊಳ್ಳುವವರ ಮುಖಕ್ಕೂ ಮಾನ ಇದೆ.

ಸಂಸ್ಥೆಗೋ ಸಭೆಗೋ ದೊಡ್ಡ ಮೊತ್ತ ಕೊಡುವುದಾದರೆ ಲೆಕ್ಕ ಕೇಳಿ, ರಸೀದಿ ತೆಗೆದುಕೊಳ್ಳಿ. ಇದು ಅಪನಂಬಿಕೆ ಅಲ್ಲ. ಪೌಲರು ಯೆರೂಸಲೇಮಿನ ಬಡವರಿಗಾಗಿ ಹಣ ಕೂಡಿಸಿದಾಗ ಯಾರೂ ತಮ್ಮ ಮೇಲೆ ತಪ್ಪು ಹೊರಿಸಬಾರದು ಅಂತ ಸಭೆಗಳು ಆರಿಸಿದವರನ್ನು ಜೊತೆಗೆ ಕಳಿಸಿದರು, 2 ಕೊರಿಂಥ 8ರಲ್ಲಿ ಓದಿ. ಮನೆ, ಜಮೀನಿನ ವಿಷಯವಾದರೆ ನಿಮ್ಮ ದೇಶದ ಕಾನೂನು ಗೊತ್ತಿರುವ, ನಿಮ್ಮ ಸಭೆಗೆ ಸೇರದ ವಕೀಲರೊಬ್ಬರನ್ನು ನೋಡಿ. ಒಮ್ಮೆ ಬರೆದುಕೊಟ್ಟ ಮೇಲೆ ವಾಪಸು ಪಡೆಯುವುದು ಬಹಳ ಕಷ್ಟ.

ಇಲ್ಲಿ ಖಡಾಖಂಡಿತವಾಗಿ ಒಂದು ಮಾತು. "ನನ್ನ ಸೇವೆಗೆ ಕೊಡಿ, ದೇವರು ನೂರರಷ್ಟು ವಾಪಸು ಕೊಡುತ್ತಾನೆ" ಅನ್ನುವವರಿಗೆ ಕೊಡಬೇಡಿ. ಮಾರ್ಕ 10:30ರಲ್ಲಿ ನೂರರಷ್ಟು ಅನ್ನುವ ಮಾತು ಇದೆ, ಅದರ ಜೊತೆಗೇ "ಹಿಂಸೆಗಳೂ" ಅಂತಲೂ ಇದೆ, ಅದನ್ನು ಅವರು ಓದುವುದಿಲ್ಲ. ಸಂಗೀತ ಏರುತ್ತಿರುವಾಗ, ಎಲ್ಲರೂ ಅಳುತ್ತಿರುವಾಗ ಯಾವ ಕಾಗದಕ್ಕೂ ಸಹಿ ಹಾಕಬೇಡಿ. ಮನೆಯವರಿಗೆ ಹೇಳಬೇಡಿ ಅಂದರೆ ಎದ್ದು ಬನ್ನಿ. ದುಃಖದಿಂದಾಗಲಿ ಬಲವಂತದಿಂದಾಗಲಿ ಬೇಡ, ಸಂತೋಷವಾಗಿ ಕೊಡುವವನ ಮೇಲೆ ದೇವರಿಗೆ ಪ್ರೀತಿ ಅಂತ 2 ಕೊರಿಂಥ 9:7 ಹೇಳುವಾಗ ನಿಮ್ಮನ್ನು ಹೆದರಿಸುವ ಹಕ್ಕು ಯಾರಿಗೂ ಇಲ್ಲ.

ಇನ್ನೊಂದು. ಯಾರನ್ನೋ ಕಳೆದುಕೊಂಡ ದುಃಖದಲ್ಲಿ, ನಿದ್ದೆಯಿಲ್ಲದ ರಾತ್ರಿಗಳಲ್ಲಿ, "ಇನ್ನು ನನಗೆ ಏನು ಬೇಕು, ನಾನೇ ಬೇಡ" ಅನ್ನುವ ಭಾವದಲ್ಲಿ ಎಲ್ಲ ಕೊಟ್ಟುಬಿಡಬೇಕು ಅನ್ನಿಸುತ್ತಿದ್ದರೆ ಏನನ್ನೂ ಕೊಡಬೇಡಿ. ಇವತ್ತೇ ಹತ್ತಿರದವರ ಜೊತೆ ಮಾತಾಡಿ, ಡಾಕ್ಟರ್ ಹತ್ತಿರ ಹೋಗಿ. ಅದು ಬೇರೆ ನೋವು, ಅದಕ್ಕೆ ಬೇರೆ ಆರೈಕೆ ಬೇಕು.

ಮತ್ತೆ ತುಂಬಿಕೊಳ್ಳದ ಹಾಗೆ

ಖಾಲಿ ಹಲಗೆ ತುಂಬಲು ಬಹಳ ದಿನ ಬೇಕಾಗುವುದಿಲ್ಲ. ಆರನೇ ಶತಮಾನದಲ್ಲಿ ಸಂತ ಬೆನೆಡಿಕ್ಟ್ ತಮ್ಮ ಸನ್ಯಾಸಿಗಳಿಗೆ ಬರೆದ ನಿಯಮದ 55ನೇ ಅಧ್ಯಾಯ ಬಟ್ಟೆಯ ಬಗ್ಗೆ. ಹೊಸದು ಕೈಗೆ ಬಂದ ಕೂಡಲೇ ಹಳೆಯದನ್ನು ಬಡವರಿಗಾಗಿ ವಾಪಸು ಕೊಡಬೇಕು ಅಂತ ಅದರಲ್ಲಿದೆ. ನಾವು ಇದನ್ನೇ ಹಿಡಿದುಕೊಂಡಿದ್ದೇವೆ, ಒಂದು ಒಳಗೆ ಬಂದರೆ ಒಂದು ಹೊರಗೆ. ಫೋನಿನಿಂದ ಶಾಪಿಂಗ್ ಆ್ಯಪ್‌ಗಳನ್ನು ತೆಗೆದುಹಾಕಿ. ಬೇಕು ಅನ್ನಿಸಿದ್ದನ್ನು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ತಾರೀಖು ಹಾಕಿ ಬರೆದು ಒಂದು ತಿಂಗಳು ಬಿಡಿ. ನನ್ನ ಪುಟದಲ್ಲಿ ಬಹುಪಾಲು ಯಾಕೆ ಬೇಕಿತ್ತು ಅಂತ ತಿಂಗಳಾದ ಮೇಲೆ ನೆನಪೇ ಇರುವುದಿಲ್ಲ.

ಹಣದ ವಿಷಯದಲ್ಲಿ ದಶಮಾಂಶ, ಅಂದರೆ ಆದಾಯದ ಹತ್ತರಲ್ಲಿ ಒಂದು ಪಾಲು ಕೊಡುವುದು, ಒಳ್ಳೆಯ ಶುರು, ಆದರೆ ಅಲ್ಲಿಗೇ ಮುಗಿಯಿತು ಅಂದುಕೊಂಡರೆ ಸಂಬಳ ಏರಿದ ಹಾಗೆ ನಮ್ಮ ಪಾಲಿನ ಒಂಬತ್ತು ಭಾಗವೂ ಏರುತ್ತಲೇ ಹೋಗುತ್ತದೆ. ಮೆಥಡಿಸ್ಟ್ ಪಂಗಡ ಶುರು ಮಾಡಿದ ಇಂಗ್ಲೆಂಡಿನ ಬೋಧಕ ಜಾನ್ ವೆಸ್ಲಿ ಒಂದು ಪ್ರಸಂಗದಲ್ಲಿ ಆಕ್ಸ್‌ಫರ್ಡಿನ ಮೊದಲ ಮೆಥಡಿಸ್ಟರಲ್ಲಿ ಒಬ್ಬರ ಲೆಕ್ಕ ಹೇಳುತ್ತಾರೆ, ಅದು ಸ್ವತಃ ವೆಸ್ಲಿಯದ್ದೇ ಅಂತ ಹೆಚ್ಚಿನವರ ಅಭಿಪ್ರಾಯ. ಮೊದಲ ವರ್ಷ ಆದಾಯ 30 ಪೌಂಡ್, 28ರಲ್ಲಿ ಜೀವನ ಮಾಡಿ 2 ಕೊಟ್ಟರು. ಮರುವರ್ಷ 60 ಬಂತು, ಆಗಲೂ 28ರಲ್ಲೇ ಬದುಕಿ 32 ಕೊಟ್ಟರು. ಆಮೇಲೆ 90 ಬಂದಾಗ 62, 120 ಬಂದಾಗ 92. ನೀವೂ ನಿಮ್ಮ 28 ಎಷ್ಟು ಅಂತ ಮನೆಯವರ ಜೊತೆ ಕೂತು ಗೊತ್ತುಮಾಡಿ. ಬೆಲೆ ಏರುತ್ತದೆ, ಮಕ್ಕಳು ಬೆಳೆಯುತ್ತಾರೆ, ವರ್ಷಕ್ಕೊಮ್ಮೆ ತಿದ್ದಿಕೊಳ್ಳಿ. ಆದರೆ ಗೆರೆ ಒಂದು ಇರಲಿ. ಕೊಡುವ ಹಣ ಸಂಬಳ ಬಂದ ದಿನವೇ ತಾನಾಗಿ ಬೇರೆ ಖಾತೆಗೆ ಹೋಗುವ ಹಾಗೆ ಮಾಡಿ. ತಿಂಗಳ ಕೊನೆಗೆ ಉಳಿದದ್ದನ್ನು ಕೊಡುತ್ತೇನೆ ಅಂದರೆ ಉಳಿಯುವುದೇ ಇಲ್ಲ, ಗೊತ್ತಿರುವ ವಿಷಯ.

ಪೂರ್ತಿಯಾಗಿ ಎಲ್ಲ ಬಿಟ್ಟು ಮಠಕ್ಕೋ ಧಾರ್ಮಿಕ ಸಭೆಗೋ ಸೇರುವ ಕರೆ ಇದೆ ಅನ್ನುವವರಿಗೆ: ಅಲ್ಲಿಯೂ ಯಾರೂ ಮೊದಲ ದಿನವೇ ಆಸ್ತಿ ಬರೆದುಕೊಡಿ ಅನ್ನುವುದಿಲ್ಲ, ಅನ್ನಬಾರದು. ಬೆನೆಡಿಕ್ಟರ ಮಠದಲ್ಲಿ ಒಂದು ವರ್ಷ ಪರೀಕ್ಷೆ ಇತ್ತು. ಹೊಸಬರು ಹಾಕಿಕೊಂಡು ಬಂದ ಬಟ್ಟೆಯನ್ನು ಎತ್ತಿಡುತ್ತಿದ್ದರು, ಮುಂದೆ ಎಂದಾದರೂ ಹೊರಟುಹೋದರೆ ವಾಪಸು ಕೊಡಲು. ಇವತ್ತಿನ ಕಥೋಲಿಕ ನಿಯಮದಲ್ಲೂ ಕನಿಷ್ಠ 12 ತಿಂಗಳ ನವಶಿಷ್ಯಾವಸ್ಥೆ (ಹೊಸಬರ ತರಬೇತಿಯ ಕಾಲ), ಆಮೇಲೆ ಕನಿಷ್ಠ ಮೂರು ವರ್ಷದ ತಾತ್ಕಾಲಿಕ ವ್ರತ, ಅದಾದ ಮೇಲೆ ಶಾಶ್ವತ ವ್ರತ. ಆಸ್ತಿಯನ್ನು ಪೂರ್ತಿ ಬಿಟ್ಟುಕೊಡಬೇಕಾದ ಸಭೆಗಳಲ್ಲೂ ಅದು ಆ ಶಾಶ್ವತ ವ್ರತದ ಹೊತ್ತಿಗೆ. ಸಾವಿರಕ್ಕೂ ಹೆಚ್ಚು ವರ್ಷದ ಅನುಭವ ಇರುವವರೇ ಇಷ್ಟು ನಿಧಾನ ಮಾಡುತ್ತಾರೆ.

ಕೊಟ್ಟ ಮೇಲೆ

ಕೊಟ್ಟ ಮೊದಲ ವಾರ ಖುಷಿ. ಆಮೇಲೆ ಒಂದು ಖಾಲಿತನ ಬರುತ್ತದೆ, ಸಂಜೆ ಹೊತ್ತು ಏನು ಮಾಡಬೇಕು ಅಂತ ತಿಳಿಯುವುದಿಲ್ಲ. ವಸ್ತುಗಳು ಬರೀ ಜಾಗ ತಿನ್ನುವುದಿಲ್ಲ, ಹೊತ್ತನ್ನೂ ತಿನ್ನುತ್ತವೆ, ಅವು ಹೋದಾಗ ಹೊತ್ತು ವಾಪಸು ಬರುತ್ತದೆ. "ಬಾ, ಹಿಂಬಾಲಿಸು" ಅನ್ನುವುದು ಇಲ್ಲಿಗೆ. ಆ ಹೊತ್ತಿನಲ್ಲಿ ಪ್ರಾರ್ಥನೆ ಮಾಡಿ, ಕಾಯಿಲೆಯವರನ್ನು ನೋಡಿಬನ್ನಿ, ನೀವು ಕೊಟ್ಟವರ ಮನೆಗೇ ಹೋಗಿ ಮಾತಾಡಿ.

ಎರಡನೆಯದು ಹೆಮ್ಮೆ. "ಇಗೋ, ನಾವು ಎಲ್ಲ ಬಿಟ್ಟು ನಿನ್ನ ಹಿಂದೆ ಬಂದೆವಲ್ಲ" ಅಂತ ಪೇತ್ರನೇ ಹೇಳಿದ. ಬಿಟ್ಟವರಿಗೆ ಬಿಡದವರನ್ನು ಕಂಡರೆ ಒಳಗೊಳಗೇ ತಾತ್ಸಾರ ಬೆಳೆಯುತ್ತದೆ, ಅವರ ಮನೆಗೆ ಹೋದಾಗ ಕಣ್ಣು ಸುಮ್ನೆ ಎಣಿಸತೊಡಗುತ್ತದೆ. ಅಸ್ಸಿಸಿಯ ಸಂತ ಫ್ರಾನ್ಸಿಸ್ 1206ರಲ್ಲಿ ಬಿಷಪರ ಮುಂದೆ ಮೈಮೇಲಿನ ಬಟ್ಟೆಯನ್ನೂ ಬಿಚ್ಚಿ ಅಪ್ಪನಿಗೆ ವಾಪಸು ಕೊಟ್ಟವರು. ಅಂಥವರು 1223ರ ತಮ್ಮ ನಿಯಮದಲ್ಲಿ ಸಹೋದರರಿಗೆ ಏನು ಬರೆದರು ಗೊತ್ತಾ? ಮೆತ್ತನೆಯ, ಬಣ್ಣದ ಬಟ್ಟೆ ಹಾಕಿದವರನ್ನು ಕಂಡು ತಾತ್ಸಾರ ಮಾಡಬೇಡಿ, ತೀರ್ಪು ಮಾಡಬೇಡಿ, ಪ್ರತಿಯೊಬ್ಬನೂ ತನ್ನನ್ನು ತಾನೇ ತೀರ್ಪು ಮಾಡಿಕೊಳ್ಳಲಿ. ನಾನು ಇದನ್ನು ಬರೆದು ನೋಟ್‌ಬುಕ್ಕಿನ ಮೊದಲ ಪುಟಕ್ಕೆ ಅಂಟಿಸಿಕೊಂಡಿದ್ದೇನೆ. ಎಣಿಸುವ ಕಣ್ಣು ನನಗೂ ಇದೆ.

ಮೂರನೆಯದು, ಕೊಟ್ಟದ್ದನ್ನು ಅವರು ಏನು ಮಾಡಿದರು ಅಂತ ಹುಡುಕುವುದು. ಮಾರಿಕೊಂಡರಾ, ಬೇರೆಯವರಿಗೆ ಕೊಟ್ಟರಾ, ಸರಿಯಾಗಿ ಇಟ್ಟುಕೊಂಡಿದ್ದಾರಾ. ನಮ್ಮ ಹಳೆಯ ಮರದ ಮೇಜು, ನನ್ನ ಅಪ್ಪ ಬರೆಯಲು ಕೂರುತ್ತಿದ್ದದ್ದು, ನಕ್ಷತ್ರ ಹಾಕಿದ್ದರಲ್ಲಿ ಕೊನೆಯದು. ಅದನ್ನು ಒಂದು ಮನೆಗೆ ಕೊಟ್ಟು ಕೆಲವು ತಿಂಗಳಾದ ಮೇಲೆ ಅಲ್ಲಿಗೆ ಹೋಗಿದ್ದೆ. ಮೇಜು ಕಾಣಲಿಲ್ಲ. ಗೋಡೆಯ ಪಕ್ಕ ಒಂದು ತಗ್ಗಾದ ಮಣೆಯ ಹಾಗಿನದ್ದು ಇತ್ತು. ಹತ್ತಿರ ಹೋಗಿ ನೋಡಿದರೆ ಅದೇ ಮೇಜು, ನಾಲ್ಕೂ ಕಾಲನ್ನು ಅರ್ಧಕ್ಕೆ ಗರಗಸದಿಂದ ಕೊಯ್ದಿದ್ದರು. ಅಪ್ಪನ ಶಾಯಿ ಚೆಲ್ಲಿದ ಕಲೆ ಹಾಗೇ ಇತ್ತು. ಎದೆಯೊಳಗೆ ಏನೋ ಚುಚ್ಚಿದ ಹಾಗಾಯಿತು, ಬಾಯಿಗೆ ಮಾತೂ ಬಂತು, ನುಂಗಿಕೊಂಡೆ. ನಾನು ಅದನ್ನು ನಿಜವಾಗಿ ಕೊಟ್ಟದ್ದು ಆ ಹೊತ್ತಿನಲ್ಲೇ ಅನ್ನಿಸುತ್ತದೆ. ಮೇಜಿನ ಎರಡು ಬದಿಗೆ ಇಬ್ಬರು ಚಿಕ್ಕ ಮಕ್ಕಳು ನೆಲದ ಮೇಲೆ ಕೂತು ಬರೆಯುತ್ತಿದ್ದರು, ಎತ್ತರ ಅವರಿಗೆ ಸರಿಯಾಗಿತ್ತು.